ತಗಡಿನಡಿಯಲ್ಲಿ ಮಣ್ಣಿನ ಮುಚ್ಚಿಗೆ

ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ಗೆ ಬಂದವರು ಹೆಚ್ಚಾಗಿ ಕಂಬದ ಕೆತ್ತನೆ, ಬಾಗಿಲ ದಾರಂದ ನೋಡಿ ಹೊರಬೀಳುತ್ತಾರೆ. ನಾನು ನೋಡಲು ಬಂದದ್ದು ತಲೆಯ ಮೇಲಿರುವುದನ್ನು. 2017ರಲ್ಲಿ ತೀರಿಕೊಂಡ ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮರಳಿ ಕಟ್ಟಿಸಿದ ಮನೆಗಳಲ್ಲಿ ಕಾಪು ಕಡೆಯ ಕುಂಜೂರಿನ ಚೌಕಿ ಮನೆಯಿದೆ, ಕಾರ್ಕಳ ಬದಿಯ ಮಿಯಾರಿನ ಮನೆಯೂ ಇದೆ. ಹೊರಗೆ ಏಪ್ರಿಲ್ ಬಿಸಿಲು. ಒಳಗೆ ಕಾಲಿಟ್ಟರೆ ನೆತ್ತಿಯ ಉರಿ ಇಳಿಯುತ್ತದೆ. ಬೆವರು ಮಾತ್ರ ಆರುವುದಿಲ್ಲ.

ಕರಾವಳಿಯ ಹಳೆ ಮನೆಗಳಲ್ಲಿ ಹಂಚಿನ ಕೆಳಗೆ ಅಟ್ಟ, ಅಟ್ಟದ ನೆಲಕ್ಕೆ ಹಲಗೆಯ ಮುಚ್ಚಿಗೆ, ಹಲಗೆಯ ಮೇಲೆ ಹದ ಮಾಡಿದ ಮಣ್ಣು ಹಾಸುವ ಕ್ರಮವಿತ್ತು. ಕಾದ ಹಂಚಿಗೂ ಮಲಗುವವರಿಗೂ ನಡುವೆ ಒಂದು ಗಾಳಿಯ ಕೋಣೆ, ಒಂದು ಮಣ್ಣಿನ ಪದರ. ನಮ್ಮಲ್ಲಿ ಬೇಸಗೆಯ ರಾತ್ರಿಯೂ ಸೆಕೆಯೇ. ಬಯಲುಸೀಮೆಯ ಹಾಗೆ ದಪ್ಪ ಗೋಡೆ ಇರುಳಿನ ತಂಪನ್ನು ಹಗಲಿಗೆ ಕೂಡಿಡುವ ಲೆಕ್ಕ ಇಲ್ಲಿ ಅಷ್ಟಾಗಿ ನಡೆಯದು. ಇಲ್ಲಿ ಮಣ್ಣು ದುಡಿಯಬೇಕಾದದ್ದು ತಲೆಯ ಮೇಲೆ.

ಅದೇ ಮಧ್ಯಾಹ್ನ ಕಾಪುವಿನಲ್ಲಿ, 1901ರ ದೀಪಸ್ತಂಭಕ್ಕೆ ಹೋಗುವ ಬದಿಯಲ್ಲಿ, ಒಂದು ಶೀಟಿನ ಶೆಡ್ಡಿಗೆ ಹೊಕ್ಕೆ. ನಾಲ್ಕು ಗೋಡೆಯೂ ತಗಡೇ. ಕೈ ಮೇಲೆತ್ತಿದರೆ ಸಾಕು, ಮುಟ್ಟದೆಯೇ ಅಂಗೈ ಕಾಯುತ್ತದೆ. ಬೋಲ್ಟಿನ ಸುತ್ತ ತುಕ್ಕು ಉಗುರಿಗೆ ಪದರ ಪದರವಾಗಿ ಏಳುತ್ತದೆ, ಉಪ್ಪುಗಾಳಿಯ ಕೆಲಸ. ಇಂಥ ತಗಡಿಗೆ ಒಳಗಿನಿಂದ ನೇರವಾಗಿ ಮಣ್ಣು ಮೆತ್ತಿದರೆ ಕೆಟ್ಟಿತೆಂದೇ ಲೆಕ್ಕ. ತಂಪಿನ ಹೊತ್ತಿಗೆ ತಗಡಿನ ಒಳಮೈ ಬೆವರುತ್ತದೆ, ಆ ನೀರನ್ನು ಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕು ಓಡುತ್ತದೆ. ಬಿಸಿಲಿಗೆ ಹಿಗ್ಗಿ ಕುಗ್ಗುವ ತಗಡು ಮಣ್ಣನ್ನು ಚಕ್ಕೆ ಚಕ್ಕೆಯಾಗಿ ಉದುರಿಸುತ್ತದೆ.

ತೂಕದ ಮಾತೂ ಇದೆ. ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಗೆ ಎರಡಿಂಚು ಮಣ್ಣು ಹಾಸಿದರೆ ಸುಮಾರು 800 ಕಿಲೊ. ಶೆಡ್ಡಿನ ಬಡಕಲು ಪೈಪುಗಳಿಗೆ ಅದನ್ನು ಹೊರಿಸುವ ಧೈರ್ಯ ಯಾರಿಗೂ ಬೇಡ.

ಹಾಗಾದರೆ ದಾರಿ? ತಗಡಿನಿಂದ ಒಂದಡಿ ಕೆಳಗೆ, ತನ್ನದೇ ಕಂಬಗಳ ಮೇಲೆ ಬಿದಿರಿನ ತಡಿಕೆ. ಅದಕ್ಕೆ ಕೆಂಪುಮಣ್ಣಿನ ಜೊತೆ ಉಮಿ, ಬೈಹುಲ್ಲು ಧಾರಾಳವಾಗಿ ಕಲಸಿದ ಹಗುರ ಮಣ್ಣು. ಬರೀ ಮಣ್ಣು ಶಾಖವನ್ನು ತಡವಾಗಿ ಬಿಡುತ್ತದೆ, ಅಷ್ಟೆ. ಉಮಿಯೊಳಗೆ ಸಿಕ್ಕಿಕೊಂಡ ಗಾಳಿ ಅದನ್ನು ನಿಜಕ್ಕೂ ತಡೆಯುತ್ತದೆ. ಕುಚ್ಚಲಕ್ಕಿ ಮಿಲ್ಲುಗಳಿರುವ ಕಾರ್ಕಳದಲ್ಲಿ ಉಮಿಗೇನು ಬರ? ಮೇಲೆ ಸುಣ್ಣ ಬಳಿದರೆ ಬೂಷ್ಟು, ಹುಳುಹುಪ್ಪಟೆ ಕಡಿಮೆ. ತಡಿಕೆಗೂ ತಗಡಿಗೂ ನಡುವಿನ ಬಿಸಿಗಾಳಿ ಹೊರಹೋಗಲು ಎರಡೂ ತುದಿಯಲ್ಲಿ ಕಿಂಡಿ ಬೇಕೇ ಬೇಕು. ಇದನ್ನು ಮರೆತವರು ಮಣ್ಣಿಗೆ ಬೈಯುವುದುಂಟು.

ಲೋಹದಡಿಯಲ್ಲಿ ಬೇರೊಂದು ಪದರ ಇಡುವುದು ಈ ಊರಿಗೆ ಹೊಸತೇನಲ್ಲ. ಇಲ್ಲಿಯ ದೇವಸ್ಥಾನಗಳ ತಾಮ್ರದ ಮಾಡನ್ನೇ ನೋಡಿ: ತಾಮ್ರ ಕೂರುವುದು ಮರದ ಹಲಗೆಯ ಮೇಲೆ. ಶೆಡ್ಡಿನವರು ಹಲಗೆಯ ಖರ್ಚಿಗೆ ಹೋಗಬೇಕಿಲ್ಲ. ಆದರೆ ಕೆಲಸ ಮಾರ್ಚ್ ಒಳಗೆ ಮುಗಿಯಬೇಕು; ಜೂನಿನ ಮಳೆ ಹಿಡಿಯಿತೆಂದರೆ ತಡಿಕೆಯ ಮಣ್ಣು ದೀಪಾವಳಿಯವರೆಗೂ ಹಸಿಯೇ.