ವಿಶ್ವಾಸದ ಸಾಧನೆ, ಸೇವೆಯ ಫಲ

ಯೇಸುಸ್ವಾಮಿಯು ಶಿಲುಬೆಯ ಮರಣಕ್ಕೆ ಒಳಗಾಗುವ ಹಿಂದಿನ ರಾತ್ರಿ ತನ್ನ ಶಿಷ್ಯರಿಗೆ ದ್ರಾಕ್ಷೆಯ ಬಳ್ಳಿಯನ್ನೂ ಅದರ ಕೊಂಬೆಗಳನ್ನೂ ದೃಷ್ಟಾಂತವಾಗಿಟ್ಟು ಉಪದೇಶಿಸಿದ ಸಂಗತಿ ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಬರುತ್ತದೆ. ಕೊಂಬೆಯು ಬಳ್ಳಿಯಲ್ಲಿ ನೆಲೆಗೊಂಡಿದ್ದರೆ ಮಾತ್ರ ಫಲಿಸಬಲ್ಲುದು, ಅಗಲಿದರೆ ಒಣಗುವುದು ಎಂಬುದೇ ಆ ಉಪದೇಶದ ಸಾರ. ಆದರೆ ಕರ್ತನಲ್ಲಿ ಹೀಗೆ ನೆಲೆಗೊಳ್ಳುವುದೆಂದರೇನು, ಬೆಳಗ್ಗೆ ಎದ್ದು ದುಡಿಮೆಗೆ ಹೊರಡುವ, ಮನೆಮಕ್ಕಳ ಚಿಂತೆಯನ್ನು ಹೊತ್ತ ಸಾಮಾನ್ಯ ವಿಶ್ವಾಸಿಗೆ ಅದು ಹೇಗೆ ಸಾಧ್ಯವೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತವರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಜಾರ್ಜ್ ಮುಲ್ಲರನು ಅಗ್ರಗಣ್ಯನು.

ಪೂರ್ವಜೀವನ

ಮುಲ್ಲರನು ಹುಟ್ಟಿನಿಂದ ಸಾಧುಪುರುಷನಲ್ಲ. 1805ರಲ್ಲಿ ಪ್ರಷ್ಯದೇಶದಲ್ಲಿ ಜನಿಸಿದ ಅವನು ಬಾಲ್ಯದಲ್ಲಿ ತಂದೆಯ ಹಣವನ್ನೇ ಕದಿಯುತ್ತಿದ್ದನು; ಹದಿನಾರರ ಪ್ರಾಯದಲ್ಲಿ ವಸತಿಗೃಹದ ಬಾಕಿ ತೀರಿಸಲಾರದೆ ಸೆರೆಮನೆಯನ್ನೂ ಕಂಡನು. ಹಾಲೆ ವಿಶ್ವವಿದ್ಯಾಲಯದಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಯಾಗಿದ್ದಾಗ, 1825ರಲ್ಲಿ, ಗೆಳೆಯನೊಡನೆ ಒಂದು ಮನೆಯ ಪ್ರಾರ್ಥನಾಕೂಟಕ್ಕೆ ಹೋಗಿ, ಅಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದವರನ್ನು ಕಂಡಂದಿನಿಂದ ಅವನ ಹೃದಯ ಪರಿವರ್ತನೆ ಹೊಂದಿತು. ಮುಂದೆ ಇಂಗ್ಲೆಂಡಿಗೆ ಬಂದು ಟೀನ್‌ಮತ್ ಎಂಬ ಊರಿನಲ್ಲಿ ಸಭಾಪಾಲಕನಾದಾಗ, ಹಣವಂತರಿಗೆ ಒಳ್ಳೆಯ ಆಸನಗಳನ್ನು ಬಾಡಿಗೆಗೆ ಕೊಟ್ಟು ಬಡವರನ್ನು ಹಿಂದೆ ಕೂರಿಸುವ ಪದ್ಧತಿ ಸುವಾರ್ತೆಗೆ ಒಪ್ಪುವುದಲ್ಲವೆಂದು ಭಾವಿಸಿ, ಆ ಬಾಡಿಗೆಯಿಂದ ಬರುತ್ತಿದ್ದ ತನ್ನ ವೇತನವನ್ನೇ 1830ರಲ್ಲಿ ತ್ಯಜಿಸಿದನು. ಅಂದಿನಿಂದ ಅವನೂ ಅವನ ಪತ್ನಿ ಮೇರಿಯೂ ತಮ್ಮ ಅಗತ್ಯಗಳನ್ನು ದೇವರ ಮುಂದೆ ಮಾತ್ರ ನಿವೇದಿಸುವುದೆಂದು ನಿಶ್ಚಯಿಸಿಕೊಂಡರು.

ಅನಾಥಾಲಯದ ಉದ್ದೇಶ

1832ರಲ್ಲಿ ಬ್ರಿಸ್ಟಲಿಗೆ ಬಂದ ಮುಲ್ಲರನು 1836ರಲ್ಲಿ ವಿಲ್ಸನ್ ಬೀದಿಯ ಬಾಡಿಗೆ ಮನೆಯೊಂದರಲ್ಲಿ ಹೆಣ್ಣುಮಕ್ಕಳಿಗಾಗಿ ಅನಾಥಾಲಯವನ್ನು ತೆರೆದನು. ತಬ್ಬಲಿಗಳ ಪೋಷಣೆ ಅವನಿಗೆ ಪ್ರಿಯವಾದ ಕಾರ್ಯವೇ ಆಗಿತ್ತಾದರೂ, ಸ್ವತಃ ಬಡವನಾದ ಒಬ್ಬನು ಯಾವ ಮನುಷ್ಯನನ್ನೂ ಯಾಚಿಸದೆ, ಪ್ರಾರ್ಥನೆಯೊಂದರಿಂದಲೇ ಇಂಥ ಕಾರ್ಯವನ್ನು ನಡೆಸಬಲ್ಲನೆಂದು ತೋರಿದರೆ, ಕಷ್ಟದಲ್ಲಿ ನಂಬಿಕೆ ಕುಂದಿದ ವಿಶ್ವಾಸಿಗಳಿಗೆ ಅದು ಕಣ್ಣಿಗೆ ಕಾಣುವ ಸಾಕ್ಷಿಯಾದೀತೆಂಬುದು ಅವನ ಪ್ರಧಾನ ಉದ್ದೇಶವಾಗಿತ್ತು. ಮನೆಗಾಗಿ, ಹಣಕ್ಕಾಗಿ, ಸೇವಕರಿಗಾಗಿ ಅವನು ಪ್ರಾರ್ಥಿಸಿದ್ದನು, ಎಲ್ಲವೂ ದೊರೆತುವು. ಆದರೆ ಅರ್ಜಿ ಸ್ವೀಕರಿಸಲು ಗೊತ್ತುಮಾಡಿದ ದಿನ ಒಂದು ಮಗುವಿಗಾಗಿಯೂ ಯಾರೊಬ್ಬರೂ ಬರಲಿಲ್ಲ. ಮಕ್ಕಳು ತಾವಾಗಿಯೇ ಬರುವರೆಂದೆಣಿಸಿ, ಅವರಿಗಾಗಿ ಮಾತ್ರ ತಾನು ಪ್ರಾರ್ಥಿಸಲಿಲ್ಲವೆಂಬುದು ಆಗ ಅವನಿಗೆ ಹೊಳೆಯಿತು. ಆ ಸಂಜೆ ಅವನು ದೇವರ ಮುಂದೆ ತನ್ನನ್ನು ತಗ್ಗಿಸಿಕೊಂಡು ಬೇಡಿದನು. ಮರುದಿನವೇ ಮೊದಲ ಅರ್ಜಿ ಬಂದಿತು.

ಪ್ರಾರ್ಥನೆಯೂ ಪ್ರಯತ್ನವೂ

ಪ್ರಾರ್ಥಿಸುವವನು ಕೈಕಟ್ಟಿ ಕೂರುವನೆಂಬ ಆಕ್ಷೇಪಕ್ಕೆ 1857ರ ಚಳಿಗಾಲದ ಘಟನೆಯೊಂದು ಸಮಾಧಾನವನ್ನು ಹೇಳುತ್ತದೆ. ಆ ವೇಳೆಗೆ ಅನಾಥಾಲಯವು ಆಶ್ಲಿ ಡೌನ್ ಎಂಬ ಎತ್ತರದ ಬಯಲಿಗೆ ಸ್ಥಳಾಂತರಗೊಂಡಿತ್ತು. ಮುನ್ನೂರು ಮಕ್ಕಳಿದ್ದ ಮೊದಲನೆಯ ಭವನವನ್ನು ಬೆಚ್ಚಗಿಡುತ್ತಿದ್ದ ಬಾಯ್ಲರು ಸೋರತೊಡಗಿತು. ಅದರ ಸುತ್ತಣ ಇಟ್ಟಿಗೆಯ ಕಟ್ಟಡವನ್ನು ಬಿಚ್ಚಿ ದುರಸ್ತಿಮಾಡಲು ಬೆಂಕಿಯನ್ನು ಆರಿಸಲೇಬೇಕು. ಎಳೆಯ ಮಕ್ಕಳು ಚಳಿಯಲ್ಲಿ ನಡುಗಬಾರದು. ಬೇರೆ ಒಲೆಗಳನ್ನು ಇಡಬಹುದೇ ಎಂದು ವಿಚಾರಿಸಿದ ಮುಲ್ಲರನು, ಅದು ಅನುಕೂಲವಾಗದೆಂದು ಕಂಡು, ಕೆಲಸಕ್ಕೆ ದಿನವನ್ನು ಗೊತ್ತುಮಾಡಿದನು. ಅಷ್ಟರಲ್ಲಿ ಕೊರೆಯುವ ಬಡಗಣ ಗಾಳಿ ಬೀಸತೊಡಗಿತು. ಅವನು ಎರಡನ್ನು ಬೇಡಿದನು: ಗಾಳಿ ತೆಂಕಣದಿಂದ ಬೀಸಲಿ, ಕೆಲಸಗಾರರಿಗೆ ದುಡಿಯುವ ಮನಸ್ಸು ಬರಲಿ. ಹಿಂದಿನ ಸಂಜೆಯವರೆಗೂ ಬಡಗಣ ಗಾಳಿಯೇ ಇದ್ದಿತು. ಗೊತ್ತಾದ ದಿನ ತೆಂಕಣ ಗಾಳಿ ಬೀಸಿ ಹವೆ ಬೆಚ್ಚಗಾಯಿತು. ರಾತ್ರಿ ತಡವಾಗಿ ಕೆಲಸ ಬಿಟ್ಟು ಮುಂಜಾನೆ ಬೇಗ ಬರುವರೆಂದು ಯಜಮಾನನು ಹೇಳುತ್ತಿರಲು, ರಾತ್ರಿಯಿಡೀ ದುಡಿಯುವೆವೆಂದು ಕೆಲಸಗಾರರ ಮುಖಂಡನೇ ಮುಂದೆ ಬಂದನು. ಸುಮಾರು ಮೂವತ್ತು ಗಂಟೆಗಳಲ್ಲಿ ಒಲೆ ಮತ್ತೆ ಉರಿಯಿತು. ವಿಚಾರ, ಏರ್ಪಾಡು, ದುಡಿಮೆ ಎಲ್ಲವೂ ಇಲ್ಲಿ ತಮ್ಮ ತಮ್ಮ ಸ್ಥಾನದಲ್ಲಿದ್ದುವು. ಪ್ರಾರ್ಥನೆಯು ಅವನ್ನು ತಳ್ಳಿಹಾಕದೆ, ಆತಂಕವೊಂದನ್ನು ಮಾತ್ರ ತಳ್ಳಿಹಾಕಿತು.

ಪ್ರಾಮಾಣಿಕತೆಯೂ ಅವನಿಗೆ ಪ್ರಾರ್ಥನೆಯ ಅಂಗವೇ ಆಗಿತ್ತು. ಸಾಲ ಮಾಡಿ ಸಾಮಾನು ತರಿಸುತ್ತಿರಲಿಲ್ಲ; ಬಂದ ಕಾಣಿಕೆಯ ಲೆಕ್ಕವನ್ನು ಬರೆದಿಟ್ಟು ವರ್ಷವರ್ಷವೂ ಪ್ರಕಟಿಸುತ್ತಿದ್ದನು.

ಬೆಳಗಿನ ಅಭ್ಯಾಸ

ಪ್ರಾರ್ಥನೆಗೆ ಕುಳಿತಾಗ ಮನಸ್ಸು ಅಲೆಯುವುದೆಂಬ ದೂರು ಬಹುಮಂದಿಗೆ ಇದೆ, ಮುಲ್ಲರನಿಗೂ ಇದ್ದಿತು. ಮೊದಲು ಅವನು ಎದ್ದೊಡನೆ ಪ್ರಾರ್ಥಿಸಲು ತೊಡಗಿ, ಎಷ್ಟೋ ಹೊತ್ತು ಚಿತ್ತವು ನಿಲ್ಲದೆ ಬಳಲುತ್ತಿದ್ದನು. 1841ರಲ್ಲಿ ಆ ಕ್ರಮವನ್ನು ಬದಲಿಸಿ, ಮೊದಲು ಸತ್ಯವೇದದ ಕೆಲವು ವಚನಗಳನ್ನು ನಿಧಾನವಾಗಿ ಓದಿ, ಬೋಧಿಸುವುದಕ್ಕಾಗಿ ಅಲ್ಲದೆ ತನ್ನ ಆತ್ಮದ ಪೋಷಣೆಗಾಗಿಯೇ ಧ್ಯಾನಿಸತೊಡಗಿದನು. ಆ ಧ್ಯಾನವು ತಾನಾಗಿಯೇ ಪಶ್ಚಾತ್ತಾಪವಾಗಿಯೋ ಕೃತಜ್ಞತೆಯಾಗಿಯೋ ವಿಜ್ಞಾಪನೆಯಾಗಿಯೋ ಪರಿಣಮಿಸುತ್ತಿತ್ತು. ದೇವರ ಮಾತನ್ನು ಮೊದಲು ಕೇಳಿ, ಅನಂತರ ತಾನು ಮಾತನಾಡುವ ಈ ಕ್ರಮವನ್ನು ಯಾವ ಮನೆಯಲ್ಲಾದರೂ ನಾಳೆಯಿಂದಲೇ ಆರಂಭಿಸಬಹುದು.

ಇದರ ಜೊತೆಗೆ ದೀರ್ಘ ತಾಳ್ಮೆಯೂ ಬೇಕು. 1844ರ ನವೆಂಬರಿನಲ್ಲಿ ಅವನು ಐವರ ಹೃದಯ ಪರಿವರ್ತನೆಗಾಗಿ ಪ್ರತಿದಿನವೂ ಬೇಡತೊಡಗಿದನು. ಒಬ್ಬನು ಹದಿನೆಂಟು ತಿಂಗಳ ಬಳಿಕ ತಿರುಗಿಕೊಂಡನು. ಇನ್ನೊಬ್ಬನಿಗೆ ಮತ್ತೆ ಐದು ವರ್ಷ, ಮೂರನೆಯವನಿಗೆ ಮತ್ತೆ ಆರು ವರ್ಷ ಹಿಡಿಯಿತು. ಉಳಿದಿಬ್ಬರಿಗಾಗಿ ಮೂವತ್ತಾರು ವರ್ಷಗಳಾದ ಮೇಲೂ ಅವನು ಬೇಡುತ್ತಲೇ ಇದ್ದನು.

ಫಲ

1870ರ ವೇಳೆಗೆ ಆಶ್ಲಿ ಡೌನಿನಲ್ಲಿ ಐದು ಭವನಗಳೆದ್ದು, ಎರಡು ಸಾವಿರಕ್ಕೂ ಮಿಕ್ಕಿದ ಮಕ್ಕಳಿಗೆ ಸ್ಥಳವಾಯಿತು; ಅವನ ಜೀವಿತಕಾಲದಲ್ಲಿ ಸುಮಾರು ಹತ್ತು ಸಾವಿರ ತಬ್ಬಲಿಗಳು ಅಲ್ಲಿ ಆಶ್ರಯ ಪಡೆದರು. ಎಪ್ಪತ್ತರ ವಯಸ್ಸಿನಲ್ಲಿ ಸುವಾರ್ತಾ ಪ್ರವಾಸವನ್ನು ಕೈಕೊಂಡು, ಭಾರತವೂ ಸೇರಿದಂತೆ ಅನೇಕ ದೇಶಗಳನ್ನು ಸಂಚರಿಸಿದನು. ಹದಿನೈದು ಲಕ್ಷ ಪೌಂಡುಗಳಷ್ಟು ಹಣ ಕೈದಾಟಿ ಹೋಗಿದ್ದರೂ, 1898ರಲ್ಲಿ ಅವನು ಕಾಲವಾದಾಗ ಉಳಿದ ಸ್ವಂತ ಆಸ್ತಿ, ಮನೆಯ ಸಾಮಾನೂ ಸೇರಿ, ಸುಮಾರು ನೂರ ಅರುವತ್ತು ಪೌಂಡುಗಳಷ್ಟೆ. ಕ್ರೈಸ್ತಜೀವನದ ಫಲವು ಪರರ ಹಸಿವಿಗಾಗಿ ಬೆಳೆಯುವುದು ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ.

ತನ್ನಲ್ಲಿರುವುದು ಅಸಾಧಾರಣವಾದ ವಿಶೇಷ ವರವೆಂದು ಜನರು ಹೇಳಿದಾಗ ಮುಲ್ಲರನು ಅದನ್ನು ಒಪ್ಪುತ್ತಿರಲಿಲ್ಲ. ಪ್ರತಿಯೊಬ್ಬ ವಿಶ್ವಾಸಿಯಲ್ಲಿರುವ ವಿಶ್ವಾಸವೇ ತನ್ನಲ್ಲಿಯೂ ಇದ್ದು, ಬಳಕೆಯಿಂದ ಕ್ರಮಕ್ರಮವಾಗಿ ಬೆಳೆಯಿತೆಂದು ಆಗ್ರಹಪೂರ್ವಕವಾಗಿ ಹೇಳುತ್ತಿದ್ದನು. ಆದುದರಿಂದ ಅವನ ಬಾಳು ನಮ್ಮನ್ನು ಅನಾಥಾಲಯ ಕಟ್ಟಿರೆಂದು ಕರೆಯುವುದಕ್ಕಿಂತ ಹೆಚ್ಚಾಗಿ, ಇಂದಿನ ಒಂದು ಚಿಕ್ಕ ಕೊರತೆಯನ್ನು ಗೊಣಗದೆ ದೇವರ ಮುಂದಿಡಲು, ಕೈಲಾದ ಕೆಲಸವನ್ನು ನಿಷ್ಠೆಯಿಂದ ಮಾಡಲು, ದೊರೆತುದರಲ್ಲಿ ನೆರೆಯವನ ಪಾಲನ್ನು ಮೊದಲು ತೆಗೆದಿಡಲು ಕರೆಯುತ್ತದೆ; ಚಿಕ್ಕದರಲ್ಲಿ ಹೀಗೆ ಪಳಗಿದ ವಿಶ್ವಾಸವೇ ದೊಡ್ಡ ಸಂಕಟದ ದಿನ ನಮಗೆ ಒದಗಿಬರುವುದು.