ಪತ್ರ ಒಂದೇ, ತಲುಪುವ ರೂಪ ಹತ್ತು

ಅಂಚೆಯ ಪತ್ರಕ್ಕೆ ಒಂದು ಮರ್ಯಾದೆಯಿತ್ತು. ಬರೆದವರು ಯಾವ ಪದದ ಅಡಿಗೆ ಗೆರೆ ಎಳೆದಿದ್ದರೋ, ಅಂಚಿನಲ್ಲಿ ಏನನ್ನು ಸೇರಿಸಿದ್ದರೋ, ಅದೆಲ್ಲವೂ ಇದ್ದದ್ದು ಇದ್ದ ಹಾಗೆಯೇ ಓದುವವರ ಕೈಸೇರುತ್ತಿತ್ತು. ಪತ್ರ ತಡವಾಗುತ್ತಿತ್ತು, ಕೆಲವೊಮ್ಮೆ ಕಳೆದೂ ಹೋಗುತ್ತಿತ್ತು. ಆದರೆ ಅಂಚೆಯವನು ದಾರಿಯಲ್ಲಿ ಮರದ ನೆರಳಿಗೆ ಕುಳಿತು, ಲಕೋಟೆ ಬಿಚ್ಚಿ, ತನಗೆ ತೋಚಿದಂತೆ ಅದನ್ನು ಮತ್ತೆ ಬರೆದು ತಂದುಕೊಡುತ್ತಿರಲಿಲ್ಲ. ಕ್ಷಣಾರ್ಧದಲ್ಲಿ ಭೂಮಂಡಲ ಸುತ್ತಿ ಬರುವ ಇ-ಮೇಲ್‌ಗೆ ಈ ಭಾಗ್ಯವಿಲ್ಲ. ಅದನ್ನು ತೆರೆದು ತೋರಿಸುವ ತಂತ್ರಾಂಶ ಯಾವುದೋ, ಪತ್ರದ ರೂಪವೂ ಅದೇ ಹೇಳಿದಂತೆ.

ಕನ್ನಡ ಪುಸ್ತಕಗಳನ್ನು ಓದಿ ಚರ್ಚಿಸುವ ಬಳಗವೊಂದಕ್ಕೆ ತಿಂಗಳಿಗೊಮ್ಮೆ ಇ-ಪತ್ರಿಕೆಯನ್ನು ಸಿದ್ಧಪಡಿಸುವ ಕೆಲಸ ನನ್ನದು. ಒಂದು ಪುಸ್ತಕದ ಪರಿಚಯ, ಎರಡು ಮುಖಪುಟಗಳ ಚಿತ್ರ, ಮುಂದಿನ ಸಭೆಯ ದಿನ ಮತ್ತು ಸ್ಥಳ. ಇದಕ್ಕಿಂತ ಹೆಚ್ಚಿನ ಆಡಂಬರವೇನೂ ಅದರಲ್ಲಿಲ್ಲ. ಬ್ರೌಸರ್‌ನಲ್ಲಿ ತೆರೆದಾಗ ಅಚ್ಚುಕಟ್ಟಾಗಿ ಕಾಣುವ ಈ ಪುಟ ಒಬ್ಬರ ಕಚೇರಿಯ ಗಣಕದಲ್ಲಿ ಅಂಕಣಗಳೆಲ್ಲ ಕುಸಿದು ಬೀಳುತ್ತದೆ. ಇನ್ನೊಬ್ಬರ ಮೊಬೈಲಿನಲ್ಲಿ ಅಕ್ಷರಗಳು ಇರುವೆಯ ಸಾಲಿನಂತೆ ಹರಿದಾಡುತ್ತವೆ. ಮತ್ತೊಬ್ಬರಲ್ಲಿ ತಂತ್ರಾಂಶವೇ ಹಿನ್ನೆಲೆಯನ್ನು ಕಪ್ಪಾಗಿಸಿ, ಕಪ್ಪು ಅಕ್ಷರಗಳ ನಮ್ಮ ಲಾಂಛನವನ್ನು ಮಾಯ ಮಾಡುತ್ತದೆ. ಬಳಗದ ಸದಸ್ಯರು ಸೌಜನ್ಯದಿಂದಲೇ ದೂರುತ್ತಾರೆ. ಅವರಿಗೆ ಉತ್ತರ ಹೇಳುವುದಕ್ಕೆಂದು ಇದರ ಮೂಲವನ್ನು ಹುಡುಕಹೊರಟಾಗ ಕಂಡದ್ದು ತಂತ್ರಜ್ಞಾನದ ಮಿತಿಯಲ್ಲ, ಹೊಣೆಗೇಡಿತನ.

ರೇ ಟಾಮ್ಲಿನ್ಸನ್ 1971ರಲ್ಲಿ ಒಂದು ಗಣಕದಿಂದ ಇನ್ನೊಂದಕ್ಕೆ ಜಾಲದ ಮೂಲಕ ಸಂದೇಶ ಕಳುಹಿಸಿದಾಗ ಅದರಲ್ಲಿ ಇದ್ದುದು ಬರಿಯ ಅಕ್ಷರಗಳು. ಮುಂದಿನ ಎರಡು ದಶಕಗಳ ಕಾಲ ಇ-ಮೇಲ್ ಎಂದರೆ ಹೆಚ್ಚೂಕಡಿಮೆ ರೋಮನ್ ಲಿಪಿಯ ಬರಹವೇ ಆಗಿತ್ತು. 1992ರಲ್ಲಿ ರೂಪುಗೊಂಡ ‘ಮೈಮ್’ ಎಂಬ ನಿಯಮಾವಳಿ ಆ ಗೋಡೆಯನ್ನು ಒಡೆಯಿತು. ಚಿತ್ರ, ಧ್ವನಿ, ಅನ್ಯಲಿಪಿಗಳ ಬರಹ ಎಲ್ಲವೂ ಒಂದೇ ಪತ್ರದಲ್ಲಿ ಸಾಗುವ ದಾರಿ ತೆರೆಯಿತು. ಒಂದೇ ಪತ್ರದ ಸರಳ ಪ್ರತಿ ಮತ್ತು ಅಲಂಕೃತ ಪ್ರತಿ ಎರಡನ್ನೂ ಜೊತೆಯಲ್ಲಿಯೇ ಕಳುಹಿಸಿ, ಓದುವ ತಂತ್ರಾಂಶ ತನಗೆ ಒಗ್ಗಿದ್ದನ್ನು ಆರಿಸಿಕೊಳ್ಳಲು ಬಿಡುವ ಔದಾರ್ಯವೂ ಅದರಲ್ಲಿತ್ತು. ಅದೇ ಹೊತ್ತಿಗೆ ಜಿನೀವಾದ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಜಾಲಪುಟಗಳಿಗಾಗಿ ರೂಪಿಸಿದ ಎಚ್‌ಟಿಎಂಎಲ್ ಬೆಳೆಯುತ್ತಿತ್ತು. ತೊಂಬತ್ತರ ದಶಕದ ನಡುವಿನಲ್ಲಿ ಇವೆರಡೂ ಕೂಡಿದವು. ಪತ್ರಕ್ಕೂ ಶೀರ್ಷಿಕೆ, ಬಣ್ಣ, ಅಂಕಣ, ಕೊಂಡಿಗಳು ಬಂದವು. ಆದರೆ ಎಚ್‌ಟಿಎಂಎಲ್‌ನ ಯಾವ ಭಾಗವನ್ನು ಇ-ಮೇಲ್ ತಂತ್ರಾಂಶಗಳು ಒಪ್ಪಲೇಬೇಕು, ಯಾವುದನ್ನು ಬಿಡಬಹುದು ಎಂಬ ಬಗ್ಗೆ ಎಲ್ಲರಿಗೂ ಸಮ್ಮತವಾದ ಪಟ್ಟಿ ಅಂದೂ ಆಗಲಿಲ್ಲ, ಇಂದಿಗೂ ಆಗಿಲ್ಲ.

ಜಾಲಪುಟಗಳ ಕಥೆ ಬೇರೆಯಾಯಿತು. ಅಲ್ಲಿಯೂ ಒಂದು ಕಾಲದಲ್ಲಿ ಅರಾಜಕತೆ ಇತ್ತು. ಒಂದು ಬ್ರೌಸರ್‌ಗೆ ಬರೆದದ್ದು ಇನ್ನೊಂದರಲ್ಲಿ ಕಾಣುತ್ತಿರಲಿಲ್ಲ. ಪುಟದ ವಿನ್ಯಾಸವನ್ನು ವಿವರಿಸುವ ಸಿಎಸ್‌ಎಸ್ ಎಂಬ ಮಾನಕ 1996ರಲ್ಲಿ ಹೊರಬಂದ ಮೇಲೂ ಕಂಪನಿಗಳು ಅದನ್ನು ತಮಗೆ ಬೇಕಾದಂತೆ ಅರ್ಥೈಸಿಕೊಂಡವು. ವಿನ್ಯಾಸಕಾರರು 1998ರಲ್ಲಿ ಸಂಘಟಿತರಾಗಿ ದನಿ ಎತ್ತಿದರು. ಬ್ರೌಸರ್‌ಗಳನ್ನು ಒರೆಗೆ ಹಚ್ಚುವ ಬಹಿರಂಗ ಪರೀಕ್ಷೆಗಳು ಬಂದವು. ಕೊನೆಗೆ ಕಂಪನಿಗಳು ದಾರಿಗೆ ಬಂದವು. ಅದೇ ಕಂಪನಿಗಳ ಪೈಕಿ ಕೆಲವು ಇ-ಮೇಲ್ ವಿಷಯದಲ್ಲಿ ಮಾತ್ರ ಕಿವುಡಾಗಿಯೇ ಉಳಿದವು.

ಔಟ್‌ಲುಕ್‌ನ ಪ್ರಸಂಗವನ್ನೇ ನೋಡಿ. ಜಗತ್ತಿನ ಕಚೇರಿಗಳಲ್ಲಿ ಬೇರುಬಿಟ್ಟಿದ್ದ ಮೈಕ್ರೋಸಾಫ್ಟ್‌ನ ಈ ತಂತ್ರಾಂಶ 2003ರ ಆವೃತ್ತಿಯವರೆಗೆ ಎಚ್‌ಟಿಎಂಎಲ್ ಪತ್ರಗಳನ್ನು ತೋರಿಸಲು ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್‌ನ ಯಂತ್ರವನ್ನು ಬಳಸುತ್ತಿತ್ತು. 2007ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟು, ಆ ಕೆಲಸವನ್ನು ವರ್ಡ್ ತಂತ್ರಾಂಶಕ್ಕೆ ಒಪ್ಪಿಸಲಾಯಿತು. ವರ್ಡ್ ಇರುವುದು ಕಾಗದದ ಮೇಲೆ ಮುದ್ರಿಸುವ ಕಡತಗಳಿಗಾಗಿ. ಹಿನ್ನೆಲೆಯ ಚಿತ್ರ ಹೋಯಿತು, ಬರಹದ ಪಕ್ಕದಲ್ಲಿ ಚಿತ್ರವನ್ನು ತೇಲಿಸಿ ನಿಲ್ಲಿಸುವ ಅನುಕೂಲ ಹೋಯಿತು, ಚಲಿಸುವ ಚಿತ್ರ ನಿಂತಿತು. ಪತ್ರ ಬರೆಯಲೂ ಓದಲೂ ಒಂದೇ ಯಂತ್ರವಿದ್ದರೆ ಬಳಕೆದಾರರಿಗೆ ಅನುಕೂಲ ಎಂಬುದು ಕಂಪನಿಯ ವಾದ. ಔಟ್‌ಲುಕ್‌ನಲ್ಲಿ ಬರೆದು ಔಟ್‌ಲುಕ್‌ನಲ್ಲೇ ಓದುವವರ ಮಟ್ಟಿಗೆ ಅದು ನಿಜ. ಆದರೆ ಇ-ಮೇಲ್ ಯಾವುದೇ ಒಂದು ಕಂಪನಿಯ ಆವರಣದೊಳಗಿನ ಸಂಭಾಷಣೆಯಲ್ಲ.

2009ರ ಜೂನ್‌ನಲ್ಲಿ, ಮುಂದಿನ ಆವೃತ್ತಿಯಲ್ಲೂ ವರ್ಡ್ ಯಂತ್ರವೇ ಇರುತ್ತದೆಂದು ತಿಳಿದಾಗ, ಇ-ಮೇಲ್ ಮಾನಕಗಳಿಗಾಗಿ 2007ರಲ್ಲಿ ಹುಟ್ಟಿಕೊಂಡಿದ್ದ ಗುಂಪೊಂದು ಟ್ವಿಟರ್‌ನಲ್ಲಿ ಅಭಿಯಾನ ನಡೆಸಿತು. ಸಾವಿರಾರು ಜನ ದನಿಗೂಡಿಸಿದರು. ಮೈಕ್ರೋಸಾಫ್ಟ್ ಕೊಟ್ಟ ಉತ್ತರದ ಸಾರಾಂಶ ಇಷ್ಟು: ವರ್ಡ್ ಉತ್ತಮ ಸಾಧನ, ಅಲ್ಲದೆ ಇ-ಮೇಲ್‌ಗೆ ಎಚ್‌ಟಿಎಂಎಲ್‌ನ ಯಾವ ಭಾಗ ಸೂಕ್ತ ಎಂಬುದರ ಬಗ್ಗೆ ಉದ್ಯಮದಲ್ಲಿ ಒಮ್ಮತವೇ ಇಲ್ಲ. ಎರಡನೆಯ ಮಾತು ಅಕ್ಷರಶಃ ಸತ್ಯ. ಆದರೆ ಒಮ್ಮತ ಮೂಡಿಸಲು ಎಲ್ಲರಿಗಿಂತ ಹೆಚ್ಚು ಶಕ್ತರಾದವರೇ ಒಮ್ಮತವಿಲ್ಲವೆಂಬುದನ್ನು ನೆಪವಾಗಿಸಿಕೊಂಡರೆ ಹೇಳುವುದೇನು? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ದೋಷ ಒಂದೇ ಕಡೆ ಇದೆಯೆಂದಲ್ಲ. 2004ರಲ್ಲಿ ಬಂದ ಜಿಮೇಲ್, ಪತ್ರದ ತಲೆಭಾಗದಲ್ಲಿರುವ ವಿನ್ಯಾಸದ ಸೂಚನೆಗಳನ್ನು ಕಿತ್ತೆಸೆಯುವ ಪದ್ಧತಿಯನ್ನು ಬಿಡಲು 2016ರವರೆಗೆ ಕಾದಿತು. ಆ ಮೇಲೂ ಬೇರೆ ಕಂಪನಿಯ ಇ-ಮೇಲ್ ಖಾತೆಯನ್ನು ಜಿಮೇಲ್‌ನ ಮೊಬೈಲ್ ತಂತ್ರಾಂಶಕ್ಕೆ ಜೋಡಿಸಿಕೊಂಡವರಿಗೆ ಆ ಸೌಲಭ್ಯ ದಕ್ಕಲಿಲ್ಲ. ಒಂದೇ ಫೋನಿನ ಒಂದೇ ತಂತ್ರಾಂಶದಲ್ಲಿ ಖಾತೆಗೊಂದು ನ್ಯಾಯ.

ಇದರ ಫಲವಾಗಿ ಇ-ಮೇಲ್ ವಿನ್ಯಾಸವೆಂಬುದು ತೊಂಬತ್ತರ ದಶಕದಲ್ಲಿಯೇ ನಿಂತುಬಿಟ್ಟಿತು. ಜಾಲಪುಟಗಳು ಎಂದೋ ತ್ಯಜಿಸಿದ ಕೋಷ್ಟಕದೊಳಗೆ ಕೋಷ್ಟಕ, ಅದರೊಳಗೆ ಮತ್ತೊಂದು ಕೋಷ್ಟಕ ಎಂಬ ಕಟ್ಟೋಣವನ್ನೇ ಇಲ್ಲಿ ಅನುಸರಿಸಬೇಕು. ಪ್ರತಿ ಸಾಲಿಗೂ ಬಣ್ಣ, ಗಾತ್ರಗಳನ್ನು ಬಿಡಿಬಿಡಿಯಾಗಿ ಬರೆಯಬೇಕು. ಔಟ್‌ಲುಕ್‌ನಲ್ಲಿ ದುಂಡಂಚಿನ ಗುಂಡಿಯೊಂದು ಕಾಣಬೇಕೆಂದರೆ ವಿಎಂಎಲ್ ಎಂಬ ಭಾಷೆಯನ್ನು ಬಳಸಬೇಕು. ಅದನ್ನು 2012ರಲ್ಲಿ ಬಂದ ಎಕ್ಸ್‌ಪ್ಲೋರರ್‌ನ ಹತ್ತನೆಯ ಆವೃತ್ತಿಯಲ್ಲಿ ಸ್ವತಃ ಮೈಕ್ರೋಸಾಫ್ಟ್ ಕೈಬಿಟ್ಟಿತ್ತು. ದೊಡ್ಡ ಕಂಪನಿಗಳು ಇದಕ್ಕೆಂದೇ ನುರಿತವರನ್ನು ನೇಮಿಸಿಕೊಳ್ಳುತ್ತವೆ, ಹತ್ತಾರು ತಂತ್ರಾಂಶಗಳಲ್ಲಿ ಪರೀಕ್ಷಿಸುವ ಸೇವೆಗಳಿಗೆ ಹಣ ತೆರುತ್ತವೆ. ಹಳ್ಳಿಯ ಗ್ರಂಥಾಲಯ, ಸಣ್ಣ ಪ್ರಕಾಶನ, ನಾಟಕ ತಂಡ, ನಮ್ಮಂಥ ಓದುಗರ ಬಳಗ ಏನು ಮಾಡಬೇಕು?

ಪತ್ರಕ್ಕೆ ಅಲಂಕಾರವೇಕೆ, ಬರಿಯ ಅಕ್ಷರ ಸಾಲದೇ ಎಂದು ಕೇಳುವ ಹಿರಿಯ ತಂತ್ರಜ್ಞರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಎಚ್‌ಟಿಎಂಎಲ್ ಪತ್ರದೊಳಗೆ ಕಣ್ಣಿಗೆ ಕಾಣದ ಚುಕ್ಕೆ ಚಿತ್ರವನ್ನಿಟ್ಟು, ನೀವು ಯಾವಾಗ ಪತ್ರ ತೆರೆದಿರೆಂದು ಗೂಢಚರ್ಯೆ ನಡೆಸಬಹುದು. ಒಂದು ವಿಳಾಸ ತೋರಿಸಿ ಇನ್ನೊಂದೆಡೆಗೆ ಕರೆದೊಯ್ಯುವ ವಂಚನೆಯ ಕೊಂಡಿಗಳನ್ನು ಅಡಗಿಸಿಡಬಹುದು. ಆದ್ದರಿಂದ ಪತ್ರದೊಳಗಿನ ಸ್ಕ್ರಿಪ್ಟುಗಳನ್ನು ತಂತ್ರಾಂಶಗಳು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕುವುದು ಸರಿಯೇ. ಆದರೆ ಶೀರ್ಷಿಕೆಯ ಸುತ್ತ ಬಿಟ್ಟ ಜಾಗದಿಂದ, ಎರಡು ಅಂಕಣಗಳಿಂದ, ಓದಲು ಹಿತವಾದ ಸಾಲಿನ ಅಂತರದಿಂದ ಯಾರ ಭದ್ರತೆಗೂ ಭಂಗವಿಲ್ಲ. ಚಿತ್ರಗಳ ಗೂಢಚರ್ಯೆಗೂ ಪರಿಹಾರವಿದೆ. ಜಿಮೇಲ್ 2013ರಿಂದ ಚಿತ್ರಗಳನ್ನು ತನ್ನ ಸರ್ವರ್ ಮೂಲಕ ತರಿಸಿ ತೋರಿಸುತ್ತಿದೆ. ಆಪಲ್ ಕಂಪನಿ 2021ರಲ್ಲಿ ಇನ್ನೂ ಕಟ್ಟುನಿಟ್ಟಾದ ಏರ್ಪಾಡು ಮಾಡಿತು. ಸುರಕ್ಷತೆಯೂ ಸೊಗಸೂ ಒಟ್ಟಿಗೆ ಬಾಳಬಲ್ಲವು.

ಬರಿಯ ಅಕ್ಷರ ಸಾಲದೇ ಎಂಬ ಪ್ರಶ್ನೆಗೆ ಕನ್ನಡಿಗರ ಬಳಿ ಇನ್ನೊಂದು ಉತ್ತರವೂ ಇದೆ. ಯುನಿಕೋಡ್ ಮಾನಕದಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ಸಿಕ್ಕಿದ್ದರೂ ಅದು ಜನಸಾಮಾನ್ಯರ ಗಣಕಕ್ಕೆ ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ‘ತುಂಗಾ’ ಫಾಂಟಿನೊಂದಿಗೆ. ಅದಕ್ಕೂ ಮೊದಲು, ಆನಂತರದ ಹಲವು ವರ್ಷಗಳಲ್ಲೂ, ರೋಮನ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸಿದ ಫಾಂಟುಗಳನ್ನು ನಾವು ಬಳಸುತ್ತಿದ್ದೆವು. ಆ ಪತ್ರ ಕನ್ನಡವಾಗಿ ಕಾಣಬೇಕಾದರೆ ಓದುವವರ ಗಣಕದಲ್ಲಿ ಅದೇ ಫಾಂಟ್ ಇರಬೇಕು, ಎಚ್‌ಟಿಎಂಎಲ್‌ನಲ್ಲಿ ಬರೆದ ಫಾಂಟಿನ ಹೆಸರೂ ಪತ್ರದೊಂದಿಗೆ ಉಳಿಯಬೇಕು. ತಂತ್ರಾಂಶ ಆ ಹೆಸರನ್ನು ಕಳಚಿ ಬಿಸಾಡಿದರೆ ಉಳಿಯುತ್ತಿದ್ದುದು ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಇಂಗ್ಲಿಷಿನವರಿಗೆ ಎಚ್‌ಟಿಎಂಎಲ್ ಅಲಂಕಾರವಾಗಿದ್ದ ಕಾಲದಲ್ಲಿ ನಮಗೆ ಅದು ಅರ್ಥದ ಪ್ರಶ್ನೆಯೇ ಆಗಿತ್ತು.

ಯುನಿಕೋಡ್ ಆ ಸಂಕಟವನ್ನು ನೀಗಿಸಿತು, ನಿಜ. ಆದರೆ ಉಳಿದವು ಇವೆ. ರೋಮನ್ ಲಿಪಿಯ ಅಳತೆಗೆ ಸಾಲಿನ ಎತ್ತರವನ್ನು ಬಿಗಿಗೊಳಿಸಿದರೆ ವರ್ಡ್ ಯಂತ್ರ ಆ ಗೆರೆ ಮೀರಿದ್ದನ್ನು ಕತ್ತರಿಸುತ್ತದೆ. ‘ರಾಷ್ಟ್ರ’ದ ಒತ್ತಕ್ಷರಗಳ ಕಾಲು ಮುರಿಯುತ್ತದೆ. ಪತ್ರದ ಎಚ್‌ಟಿಎಂಎಲ್ ಗಾತ್ರ ಸುಮಾರು 102 ಕಿಲೋಬೈಟ್ ದಾಟಿದರೆ ಜಿಮೇಲ್ ಉಳಿದದ್ದನ್ನು ಮಡಿಸಿಟ್ಟು, ಪೂರ್ತಿ ಓದಲು ಕೊಂಡಿ ಒತ್ತಿ ಎನ್ನುತ್ತದೆ. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರ 18 ಬೈಟ್ ತಿನ್ನುತ್ತದೆ, ಅದೇ ಅರ್ಥದ ‘ವುಮನ್’ ಎಂಬ ಇಂಗ್ಲಿಷ್ ಪದಕ್ಕೆ ಐದೇ ಬೈಟ್ ಸಾಕು. ಮಿತಿ ಎಲ್ಲರಿಗೂ ಒಂದೇ, ಅದರ ಹೊಡೆತ ಮಾತ್ರ ನಮಗೆ ಮೊದಲು.

ಈ ಕಷ್ಟಗಳಿಂದ ಪಾರಾಗಲು ಅನೇಕರು ಕಂಡುಕೊಂಡಿರುವ ಸುಲಭೋಪಾಯವೇ ನನ್ನನ್ನು ಹೆಚ್ಚು ಕಾಡುವುದು. ಇಡೀ ಪತ್ರವನ್ನು ಒಂದು ಚಿತ್ರವಾಗಿಸಿ ಕಳುಹಿಸಿಬಿಡುವುದು! ಆಹ್ವಾನ ಪತ್ರಿಕೆ, ಬ್ಯಾಂಕಿನ ಪ್ರಕಟಣೆ, ಸಂಘದ ಸುತ್ತೋಲೆ ಎಲ್ಲವೂ ಹೀಗೆಯೇ ಬರುತ್ತಿವೆ. ನೋಡಲು ಚೆಂದ, ಎಲ್ಲ ತಂತ್ರಾಂಶಗಳಲ್ಲೂ ಒಂದೇ ರೂಪ. ಆದರೆ ನಮ್ಮ ಬಳಗದಲ್ಲಿ ದೃಷ್ಟಿ ಕಳೆದುಕೊಂಡ ನಿವೃತ್ತ ಅಧ್ಯಾಪಕರೊಬ್ಬರಿದ್ದಾರೆ. ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ಉಚಿತ ತಂತ್ರಾಂಶದ ನೆರವಿನಿಂದ ಅವರು ಪತ್ರಗಳನ್ನು ಆಲಿಸುತ್ತಾರೆ. ಚಿತ್ರವಾಗಿ ಬಂದ ಪತ್ರ ಅವರ ಪಾಲಿಗೆ ಖಾಲಿ ಹಾಳೆ. ಅವರು ಕೇಳುವುದು ಅಂದವನ್ನಲ್ಲ, ಶೀರ್ಷಿಕೆ ಯಾವುದು, ಪಠ್ಯ ಯಾವುದು ಎಂದು ಸರಿಯಾಗಿ ಹೇಳುವ ಎಚ್‌ಟಿಎಂಎಲ್ ಅನ್ನು. ಆದರೆ ಕೆಲವು ತಂತ್ರಾಂಶಗಳಲ್ಲಿ ವಿನ್ಯಾಸ ಕುಸಿಯಬಾರದೆಂದು ನಾವು ಹೆಣೆಯುವ ಕೋಷ್ಟಕಗಳೇ, ಎಚ್ಚರ ತಪ್ಪಿದರೆ ಅವರ ಕಿವಿಗೆ ಸಾಲು-ಕಂಬಗಳ ಲೆಕ್ಕವಾಗಿ ಬಡಿಯುತ್ತವೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಮಾಹಿತಿಯೂ ಸಂವಹನವೂ ಅವರಿಗೆ ನಿಲುಕುವಂತಿರಬೇಕು ಎನ್ನುತ್ತದೆ. ಇ-ಮೇಲ್ ಈ ಮಾತಿನಿಂದ ಹೊರಗುಳಿಯಬೇಕಾದ ಕಾರಣವಿಲ್ಲ.

ಗಾಳಿ ಸ್ವಲ್ಪ ಬದಲಾಗುತ್ತಿದೆ. 2024ರಲ್ಲಿ ಉದ್ಯಮಗಳಿಗೂ ತೆರೆದುಕೊಂಡ ವಿಂಡೋಸ್‌ನ ಹೊಸ ಔಟ್‌ಲುಕ್ ಪತ್ರ ತೋರಿಸಲು ವರ್ಡ್ ಅನ್ನು ಅವಲಂಬಿಸಿಲ್ಲ. ಹಳೆಯದಕ್ಕೆ ಕನಿಷ್ಠ 2029ರವರೆಗೆ ಬೆಂಬಲವಿರುತ್ತದೆಂದು ಕಂಪನಿ ಹೇಳಿದೆ. ಅಂದರೆ 2007ರ ಒಂದು ತೀರ್ಮಾನದ ಋಣ ತೀರಲು ಎರಡು ದಶಕಗಳೂ ಸಾಲಲಿಲ್ಲ. ಯಾವ ತಂತ್ರಾಂಶ ಯಾವುದನ್ನು ಒಪ್ಪುತ್ತದೆ ಎಂದು ದಾಖಲಿಸುವ ಮುಕ್ತ ಪಟ್ಟಿಗಳೂ ಈಗ ಇವೆ. ಆದರೆ ರೋಗದ ಪಟ್ಟಿಯೇ ಮದ್ದಾಗದು.

ಬೇಕಾಗಿರುವುದು ದೊಡ್ಡದೇನಲ್ಲ. ಶೀರ್ಷಿಕೆ, ಪಟ್ಟಿ, ಅಂಕಣ, ಸಾಲಿನ ಅಂತರ, ಚಿತ್ರ ಮತ್ತು ಅದರ ವಿವರಣೆ, ಬರಹದ ಭಾಷೆ ಯಾವುದೆಂಬ ಸೂಚನೆ, ಇಷ್ಟನ್ನು ಎಲ್ಲ ತಂತ್ರಾಂಶಗಳೂ ಒಂದೇ ರೀತಿ ಮನ್ನಿಸಬೇಕೆಂಬ ಕನಿಷ್ಠ ಒಪ್ಪಂದ. ಬೆರಳೆಣಿಕೆಯ ಕಂಪನಿಗಳು ಒಂದು ಮೇಜಿನ ಸುತ್ತ ಕುಳಿತರೆ ಆಗುವ ಕೆಲಸ. ಅವರನ್ನು ಕೂರಿಸುವ ಶಕ್ತಿ ಇರುವುದು ಸಾವಿರಗಟ್ಟಲೆ ಖಾತೆಗಳನ್ನು ಒಮ್ಮೆಗೇ ಕೊಳ್ಳುವ ಸರ್ಕಾರಗಳಿಗೆ, ಬ್ಯಾಂಕುಗಳಿಗೆ, ವಿಶ್ವವಿದ್ಯಾಲಯಗಳಿಗೆ. ಟೆಂಡರಿನಲ್ಲಿ ಬೆಲೆ, ಭದ್ರತೆಗಳನ್ನು ಕೇಳುವವರು ಇದನ್ನೂ ಒಂದು ಷರತ್ತಾಗಿ ಕೇಳಲಿ. ಕಳುಹಿಸುವ ನಾವೂ ಸರಳ ಪ್ರತಿಯನ್ನು ಜೊತೆಗಿಡುವುದನ್ನು ಮರೆಯದಿರೋಣ. 1992ರ ನಿಯಮಾವಳಿ ಆ ದಾರಿಯನ್ನು ಅಂದೇ ತೋರಿಸಿಕೊಟ್ಟಿದೆ.