ಬಿ ಜೀವಸತ್ವದ ಗುಳಿಗೆ: ಹಿತ ಮತ್ತು ಮಿತಿ

ಬಿ ಜೀವಸತ್ವದ ಗುಳಿಗೆ ನುಂಗಿದ ಕೆಲವು ಗಂಟೆಗಳಲ್ಲಿ ಮೂತ್ರ ಕಡುಹಳದಿಯಾದರೆ ಕಾಮಾಲೆಯೆಂದು ನೀವು ಗಾಬರಿಪಡಬಹುದು. ಅದು ದೇಹಕ್ಕೆ ಮಿಕ್ಕು ಹೊರಬಿದ್ದ ರೈಬೋಫ್ಲೇವಿನ್‌ನ ಬಣ್ಣ, ಅಪಾಯವಿಲ್ಲ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ತೆಗೆದುಕೊಳ್ಳಿ. ನಿಕೋಟಿನಿಕ್ ಆಮ್ಲ ಹೆಚ್ಚಾಗಿದ್ದರೆ ಮುಖ ಕೆಂಪೇರಿ ಮೈ ತುರಿಸುವುದುಂಟು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿ ಇಳಿಯುತ್ತದೆ. ಆದರೆ ತುಟಿ ಊದಿದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಹೆಚ್ಚಿನ ಎಚ್ಚರ ಬೇಕಾದುದು ಬಿ-6, ಅಂದರೆ ಪಿರಿಡಾಕ್ಸಿನ್ ವಿಷಯದಲ್ಲಿ. ನಮಗೆ ದಿನಕ್ಕೆ ಬೇಕಾದುದು ಸುಮಾರು 2 ಮಿಲಿಗ್ರಾಂ. ಗ್ರಾಂಗಟ್ಟಲೆ ನುಂಗುತ್ತಿದ್ದ 7 ಮಂದಿಗೆ ಕೈಕಾಲು ಮರಗಟ್ಟಿ ನಡಿಗೆ ತಪ್ಪಿದುದನ್ನು ಅಮೆರಿಕದ ವೈದ್ಯರು 1983ರಲ್ಲಿ ವರದಿಮಾಡಿದರು. ಗುಳಿಗೆ ನಿಲ್ಲಿಸಿದ ಮೇಲೆ ಅವರ ಸ್ಥಿತಿ ಸುಧಾರಿಸಿತು. ಅದಕ್ಕಿಂತ ಬಹಳ ಕಡಿಮೆ ಪ್ರಮಾಣವನ್ನು ಬಹುಕಾಲ ಸೇವಿಸಿದವರಲ್ಲಿಯೂ ಈ ತೊಂದರೆ ಅನಂತರ ಕಂಡುಬಂದಿತು.

ಸೋಜಿಗವೆಂದರೆ, ಅಂಗಾಲು ಜುಮ್ಮೆನ್ನುವುದಕ್ಕೆಂದೇ ಅನೇಕರು ಈ ಗುಳಿಗೆ ನುಂಗುತ್ತಾರೆ! ಆದುದರಿಂದ ಜುಮ್ಮು ಹೆಚ್ಚಿತೆಂದು ಇನ್ನೊಂದು ಗುಳಿಗೆ ಸೇರಿಸಬೇಡಿ. ಮನೆಯಲ್ಲಿರುವ ಶಕ್ತಿಯ ಔಷಧಗಳೆಲ್ಲದರ ಚೀಟಿ ಓದಿ, ಬಿ-6 ಎಷ್ಟಿದೆಯೆಂದು ಕೂಡಿಸಿ ನೋಡಿ. ಅವುಗಳೊಂದಿಗೇ ವೈದ್ಯರನ್ನು ಕಾಣಿ.